ಹಾಸನದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ಹೊತ್ತು?

ಪ್ರಿಯ ಗೆಳೆಯಾ,

ಮಗಳ ಬಾಣಂತನಕ್ಕೆ ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದೀರಿ ಅಂತ ಕೇಳಿ ಖುಷಿಯಾಯಿತು. ‘ಎಷ್ಟು ದೂರ, ಎಷ್ಟು ಹೊತ್ತು’ ಅಂತ ಕೇಳಿದ್ದೆಯಲ್ಲ, ಅಷ್ಟರಲ್ಲಿ ನಮ್ಮ ಚಿಕ್ಕಮಗಳೂರಿನ ಮಳೆಗೆ ಫೋನ್ ಕಟ್ ಆಯಿತು. ಅದಕ್ಕೇ ಈ ಪತ್ರ.

ಬೆಂಗಳೂರಿನಿಂದ ಅಲ್ಲಿಗೆ ಸುಮಾರು 14,000 ಕಿ.ಮೀ. ವಿಮಾನ ಗಂಟೆಗೆ 900ರ ಆಸುಪಾಸಿನಲ್ಲಿ ಹಾರುತ್ತದೆ. ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ಈ ಲೆಕ್ಕ ನಂಬಬೇಡ. ಎಲ್ಲೂ ಇಳಿಯದೆ ಹೋದರೂ 17 ಗಂಟೆ ಹಿಡಿಯುತ್ತದೆ. ಏರುವುದು, ಇಳಿಯುವುದು, ವಿಮಾನಗಳಿಗೆ ಮುಚ್ಚಿರುವ ದೇಶಗಳ ಆಕಾಶ ತಪ್ಪಿಸಿ ಸುತ್ತುವುದು, ಎಲ್ಲ ಸೇರಬೇಕಲ್ಲ. ಜೊತೆಗೆ ಗಾಳಿ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ. ಎದುರಾದರೆ ತಡ, ಬೆನ್ನಿಗಿದ್ದರೆ ಬೇಗ. 2020ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಹೊರಟ ಒಂದು ಬ್ರಿಟಿಷ್ ಏರ್‌ವೇಸ್ ವಿಮಾನ ಇದೇ ಗಾಳಿ ಹಿಡಿದು 5 ಗಂಟೆಯೊಳಗೇ ತಲುಪಿಬಿಟ್ಟಿತ್ತು. ಮಾಮೂಲಿಗೆ ಆರೂವರೆ, ಏಳು ಗಂಟೆ ಬೇಕು.

ಇನ್ನು ಟಿಕೆಟ್ ವಿಚಾರ. ನಿನ್ನ ಮಂಡಿನೋವು ಗೊತ್ತಿದ್ದೇ ಹೇಳುತ್ತೇನೆ, ಕಡಿಮೆ ಗಂಟೆ ಅಂತ ಆಸೆಪಡಬೇಡ, ದಾರಿಯನ್ನು ಎಲ್ಲಿ ಮುರಿಯುತ್ತಾರೆ ಅಂತ ನೋಡು. ದುಬೈ ಮೇಲೆ ಹೋದರೆ ಮೊದಲು 4 ಗಂಟೆ, ಆಮೇಲೆ ಒಂದೇ ಸಮ 16 ಗಂಟೆ. ಇಳಿದು ಹತ್ತಿದ್ದಕ್ಕೆ ಏನು ಸುಖ? ಫ್ರಾಂಕ್‌ಫರ್ಟ್ ಮೇಲೆ ಹೋದರೆ ಹತ್ತು ಗಂಟೆ, ಹನ್ನೊಂದೂವರೆ ಗಂಟೆ, ಹೆಚ್ಚುಕಮ್ಮಿ ಅರ್ಧರ್ಧ. ನಡುವೆ ಮೂರು ಗಂಟೆಯಾದರೂ ಬಿಡುವಿರಲಿ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ, ಮೊದಲ ವಿಮಾನ ತಡವಾದರೆ ಮುಂದಿನದು ಅವರ ತಲೆನೋವು.

ಆ ಎರಡನೇ ಹಾರಾಟದಲ್ಲಿ ಕಿಟಕಿ ಪಕ್ಕ ಕೂತುಕೋ. ಅಮೆರಿಕಕ್ಕೆ ಹೋಗಲು ಗ್ರೀನ್‌ಲ್ಯಾಂಡ್ ಮೇಲೆ ಯಾಕೆ ಅನ್ನಿಸುತ್ತದೆ. ಮೊಮ್ಮಕ್ಕಳ ಗ್ಲೋಬ್ ಇದ್ದರೆ ಎರಡೂ ಊರಿಗೆ ಒಂದು ದಾರ ಬಿಗಿಯಾಗಿ ಹಿಡಿದು ನೋಡು, ತಾನಾಗೇ ಉತ್ತರಕ್ಕೆ ಬಾಗುತ್ತದೆ. ಅದೇ ಹತ್ತಿರದ ದಾರಿ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದದ್ದು ಪೇಪರಿನಲ್ಲಿ ಓದಿರುತ್ತೀಯ.

ತಾರೀಖಿನ ಗೊಂದಲ ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಮಂಗಳವಾರ ಬೆಳಗಿನ ಜಾವ 3ಕ್ಕೆ ಹೊರಟು, 25 ಗಂಟೆ ಪ್ರಯಾಣ ಮಾಡಿ, ಅದೇ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಇಳಿಯುತ್ತೀರಿ! ವಾಪಸು ಬರುವಾಗ ಆ ಸಾಲ ತೀರಿಸಬೇಕು. ಮಂಗಳವಾರ ಮಧ್ಯಾಹ್ನ ಅಲ್ಲಿಂದ ಹೊರಟರೆ ಇಲ್ಲಿ ಇಳಿಯುವಾಗ ಗುರುವಾರ, ಬುಧವಾರ ಪೂರ್ತಿ ಮಾಯ.

ಮಾತ್ರೆ, ಡಾಕ್ಟರ್ ಚೀಟಿ ಕೈಚೀಲದಲ್ಲೇ ಇರಲಿ. ತುಪ್ಪ ಮಾತ್ರ ದೊಡ್ಡ ಪೆಟ್ಟಿಗೆಗೆ ಹಾಕು, 100 ಎಂ.ಎಲ್.ಗಿಂತ ದೊಡ್ಡ ಡಬ್ಬಿ ಒಳಗೆ ಬಿಡುವುದಿಲ್ಲ. ಒಂದೆರಡು ಗಂಟೆಗೊಮ್ಮೆ ಎದ್ದು ಓಡಾಡು, ಇಲ್ಲದಿದ್ದರೆ ಕಾಲು ಊದಿಕೊಳ್ಳುತ್ತದೆ.

ಹಾಸನದಿಂದ ದೇವನಹಳ್ಳಿಗೆ ನಾಲ್ಕು ಗಂಟೆ ಸಾಕು ಅನ್ನುತ್ತಾರೆ. ನೆಲಮಂಗಲದ ಟ್ರಾಫಿಕ್ ಅವರಿಗೆ ಗೊತ್ತಿಲ್ಲ ಅಂತ ಕಾಣುತ್ತದೆ. ಮೂರು ಗಂಟೆ ಮೊದಲೇ ಅಲ್ಲಿರಬೇಕು, ಸಂಜೆ ಆರಕ್ಕೇ ಹೊರಟುಬಿಡಿ. ನಿಮ್ಮ ಬೂವನಹಳ್ಳಿ ವಿಮಾನ ನಿಲ್ದಾಣದ ಮಾತು ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ, ಅಲ್ವಾ?

ಫೋನ್ ಮಾಡುವುದಾದರೆ ಅಲ್ಲಿಯ ಬೆಳಗ್ಗೆ 8ಕ್ಕೆ ಮಾಡು. ನಮಗಾಗ ರಾತ್ರಿ ಎಂಟೂವರೆ, ಊಟ ಮುಗಿಸಿ ಕೂತಿರುತ್ತೇವೆ.

ಇಂತಿ ನಿನ್ನ ಗೆಳೆಯ