ಆ ವಚನ ಮಗು ಹೇಳ್ಲಿ ಬಿಡಿ

ಸಂಪಾದಕರಿಗೆ ನಮಸ್ಕಾರ,

ನಾನು ಬಸವನಗುಡಿಯವಳು, ವಯಸ್ಸು 64, ಪೇಪರ್‌ಗೆ ಬರೀತಿರೋದು ಇದೇ ಮೊದಲು, ಫೋನಲ್ಲೇ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ತಿದ್ಕೊಳ್ಳಿ. ಮೊದಲೇ ಹೇಳ್ಬಿಡ್ತೀನಿ, ನಾನು ದೇವರನ್ನ ನಂಬೋಳು. ನಮ್ಮ ಬೀದಿ ಕೊನೇಲಿ ಅಶ್ವತ್ಥಕಟ್ಟೆ ಇದೆ, ಮದುವೆಯಾಗಿ ಈ ಮನೆಗೆ ಬಂದ ವರ್ಷದಿಂದ ನಾಗರಪಂಚಮಿ ದಿನ ಅಲ್ಲಿರೋ ನಾಗರಕಲ್ಲಿಗೆ ತನಿ ಎರೀದೆ ನಾನು ಕಾಫಿ ಕೂಡ ಕುಡಿದೋಳಲ್ಲ. ಹಾಗಾಗಿ ಮುಂದೆ ಬರೆದಿರೋದನ್ನ ಓದಿ ಇವಳು ಯಾರೋ ದೇವರನ್ನ ಬೈಯೋಳು ಅಂದ್ಕೋಬೇಡಿ.

ನಮ್ಮ ಬೀದಿಯವರೆಲ್ಲ ಸೇರಿ ನವೆಂಬರ್ ಕೊನೇ ಭಾನುವಾರ ರಾಜ್ಯೋತ್ಸವ ಮಾಡ್ತೀವಿ, ಅದೇ ಕಟ್ಟೆ ಎದುರಿಗೆ ಶಾಮಿಯಾನ ಹಾಕಿಸ್ತೀವಿ. ಏಳನೇ ಕ್ಲಾಸಲ್ಲಿ ಓದ್ತಿರೋ ನನ್ನ ಮೊಮ್ಮಗಳು ಈ ಸಲ ಬಸವಣ್ಣನವರ ವಚನ ಹೇಳ್ತೀನಿ ಅಂತ ತಾನೇ ಆರಿಸ್ಕೊಂಡು ಬಾಯಿಪಾಠ ಮಾಡಿದ್ಲು. "ಕಲ್ಲ ನಾಗರ ಕಂಡಡೆ ಹಾಲನೆರೆಯೆಂಬರು, ದಿಟದ ನಾಗರ ಕಂಡಡೆ ಕೊಲ್ಲೆಂಬರಯ್ಯಾ" ಅನ್ನೋದು. ಪ್ರಾಕ್ಟೀಸ್ ದಿನ ಹೇಳ್ತಿದ್ದ ಹಾಗೇ ಕಮಿಟಿಯವರೊಬ್ರು ತಡೆದು, ಪುಟ್ಟಿ ಇದು ಬೇಡಮ್ಮ, ಎದುರಿಗೇ ಕಟ್ಟೆ ಇದೆ, ಪೂಜೆ ಮಾಡೋರಿಗೆ ನೋವಾಗುತ್ತೆ, ಕಳಬೇಡ ಕೊಲಬೇಡ ಹೇಳು ಚೆನ್ನಾಗಿರುತ್ತೆ ಅಂದ್ರಂತೆ. ಅವರು ಒಳ್ಳೇ ಮನುಷ್ಯರೇ, ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ. ಮಗು ಮನೆಗೆ ಬಂದು ನನ್ನ ಕೇಳ್ತು, ಅಜ್ಜಿ ನಿಂಗೆ ನೋವಾಗುತ್ತಾ?

ಸ್ವಲ್ಪ ಹೊತ್ತು ಸುಮ್ನಿದ್ದು ಹೂಂ ಆಗುತ್ತೆ ಅಂದೆ. ಯಾಕಂದ್ರೆ ಆ ವಚನ ಮುಂದಕ್ಕೆ ಹೋಗಿ ಉಂಬ ಜಂಗಮ ಬಂದರೆ ನಡೆ ಅಂತಾರೆ, ಉಣ್ಣದ ಲಿಂಗಕ್ಕೆ ಬೋನ ಹಿಡೀತಾರೆ ಅನ್ನುತ್ತೆ, ನಾನು ನೈವೇದ್ಯಕ್ಕೆ ಇಡ್ಬೇಕು ಅಂತ ಹಸಿದು ಬಂದೋರನ್ನ ಮುಂದಕ್ಕೆ ಹೋಗಪ್ಪ ಅಂತ ಕಳಿಸಿದ್ದಿದೆ, ಅದು ನೆನಪಾಗುತ್ತೆ. ಆ ವಚನ ಕೇಳ್ತಿರೋದು ನನ್ನಂಥವಳನ್ನೇ, ಎಂಟುನೂರು ವರ್ಷದಿಂದ ಕೇಳ್ತಾನೇ ಇದೆ. ಆದ್ರೆ ನನಗೆ ನೋವಾಗುತ್ತೆ ಅಂತ ಇನ್ಯಾರೋ ತೀರ್ಮಾನ ಮಾಡಿ ನನ್ನ ಹೆಸರಲ್ಲಿ ನನ್ನ ಮೊಮ್ಮಗಳ ಬಾಯಿ ಮುಚ್ಚಿಸ್ತಾರಲ್ಲ, ಆ ನೋವು ಇದಕ್ಕಿಂತ ದೊಡ್ಡದು.

2024ರ ಜನವರೀಲಿ ನಮ್ಮ ಸರ್ಕಾರ ಬಸವಣ್ಣನವರನ್ನ ಸಾಂಸ್ಕೃತಿಕ ನಾಯಕ ಅಂತ ಘೋಷಣೆ ಮಾಡ್ತು, ಖುಷಿಯಾಯ್ತು, ಚಾಲುಕ್ಯ ಸರ್ಕಲ್‌ನಲ್ಲಿ ಕುದುರೆ ಮೇಲೆ ಕೂತಿರೋ ಅವರ ಮೂರ್ತಿಗೆ ಪ್ರತಿ ಬಸವ ಜಯಂತಿಗೂ ಹಾರ ಬೀಳುತ್ತೆ. ಸರಿ. ಆದ್ರೆ ಆ ಕಾಲದಲ್ಲಿ ಕಲ್ಯಾಣದಲ್ಲಿ ಏನಾಯ್ತು? ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆ ಮಾಡಿದ್ರು ಅಂತ ಆ ಇಬ್ಬರು ಅಪ್ಪಂದಿರನ್ನ ಎಳೆಹೂಟೆ ಕಟ್ಟಿ, ಅಂದ್ರೆ ಆನೆ ಕಾಲಿಗೆ ಕಟ್ಟಿ ಎಳೆಸಿ, ಕೊಂದ್ರು, ಶರಣರು ದಿಕ್ಕಾಪಾಲಾಗಿ ಓಡಿದ್ರು ಅಂತ ನಾವೆಲ್ಲ ಕೇಳ್ಕೊಂಡು ಬಂದಿದೀವಿ. ಆ ಶರಣರ ವಚನಗಳು ಯಾರ್ಯಾರದೋ ಮನೆ ಜಂತಿಯಲ್ಲಿ ಓಲೆಗರಿಯಾಗಿ ಬಿದ್ದಿದ್ವು, ಫ.ಗು. ಹಳಕಟ್ಟಿಯವರು ಊರೂರು ಅಲೆದು ಹುಡುಕಿ 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಮಾಡಿಸಿದ್ರು. ಅಷ್ಟು ಕಷ್ಟಪಟ್ಟು ಉಳಿಸಿದ ಮಾತನ್ನ ನಮ್ಮ ಬೀದೀಲಿ ಒಂದು ಮಗು ಹೇಳೋ ಹಾಗಿಲ್ಲ ಅಂದ್ರೆ ಹೊಟ್ಟೆ ಉರಿಯುತ್ತೆ ಸ್ವಾಮಿ.

ರಾತ್ರಿ ನಿದ್ದೆ ಬರ್ದೆ ಅದನ್ನೇ ಯೋಚಿಸ್ತಾ ಇದ್ದಾಗ ಅನ್ನಿಸ್ತು, ಆ ವಚನ ಹಾವಿನ ಬಗ್ಗೆ ಮಾತ್ರ ಅಲ್ಲ. ಧರ್ಮದೊಳಗೇ ನಿಂತು ಪ್ರಶ್ನೆ ಕೇಳೋರಿಗೆ ನಾವು ಮಾಡ್ತಿರೋದೂ ಅದನ್ನೇ. ಕಲ್ಲಾದ ಮೇಲೆ ಹಾಲು, ಬದುಕಿದ್ದಾಗ ದೊಣ್ಣೆ.

ಪಿ.ವಿ. ನಾರಾಯಣ ಅವರ ಧರ್ಮಕಾರಣ ಕಾದಂಬರಿ ಬಸವಣ್ಣನವರ ಮನೆಯವರ ಬಗ್ಗೆ ಬರೆದಿದ್ದು ಭಕ್ತರಿಗೆ ನೋವು ತಂತು ಅಂತ ಸರ್ಕಾರ ನಿಷೇಧ ಮಾಡ್ತು, 2007ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಕೋರ್ಟ್ ತೀರ್ಪಿಗೆ ತಲೆ ಬಾಗ್ತೀನಿ, ಭಕ್ತರ ನೋವು ಸುಳ್ಳು ಅಂತಲೂ ಹೇಳಲ್ಲ, ಆದ್ರೆ ಆ ಕಾದಂಬರಿ ತಪ್ಪು ಅನ್ನೋರು ಇನ್ನೊಂದು ಪುಸ್ತಕ ಬರೆದು ತೋರಿಸಿದ್ರೆ ನಾನು ಎರಡನ್ನೂ ಓದ್ತಿದ್ದೆ. ಸಂಶೋಧಕ ಎಂ.ಎಂ. ಕಲಬುರ್ಗಿಯವರು ಜೀವನಪೂರ್ತಿ ವಚನಗಳಿಗಾಗಿಯೇ ದುಡಿದೋರು, ಸಮಗ್ರ ವಚನ ಸಂಪುಟಗಳಿಗೆ ಪ್ರಧಾನ ಸಂಪಾದಕರು. ಅವರ ಸಂಶೋಧನೆಗೆ 1989ರಲ್ಲಿ ಎಷ್ಟು ವಿರೋಧ ಬಂತು ಅಂದ್ರೆ ಬರೆದಿದ್ದನ್ನ ವಾಪಸ್ ತಗೋಬೇಕಾಯ್ತು, ಮನೆಯವರ ಜೀವ ಉಳಿಸೋಕೆ ಹಾಗೆ ಮಾಡ್ದೆ ಆದ್ರೆ ಅವತ್ತೇ ಬೌದ್ಧಿಕ ಆತ್ಮಹತ್ಯೆ ಮಾಡ್ಕೊಂಡೆ ಅಂತ ಅವರೇ ಹೇಳಿದ್ರು. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಅವರ ಮನೆ ಬಾಗಿಲಲ್ಲೇ ಗುಂಡು ಹೊಡೆದ್ರು. ಎರಡು ವರ್ಷ ಆದ್ಮೇಲೆ ಇದೇ ನಮ್ಮ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್. ಇದರ ಬಗ್ಗೆ ಇನ್ನೂ ಬರೆಯೋಕೆ ಕೈ ಓಡಲ್ಲ.

ಒಂದೇ ಧರ್ಮದ ಮಾತೂ ಅಲ್ಲ ಇದು. ಹೆಂಗಸರು ಮಸೀದಿಗೆ ಹೋಗ್ಬೋದು ಅಂದಿದ್ದಕ್ಕೆ 2000ದಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅವರ ಸಮುದಾಯದೋರೇ ಬಹಿಷ್ಕಾರ ಹಾಕಿದ್ರು. 2025ರಲ್ಲಿ ಅದೇ ಹೆಣ್ಣುಮಗಳು ಕನ್ನಡದ ಕತೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ತಂದಾಗ ಎಲ್ರೂ ಚಪ್ಪಾಳೆ ತಟ್ಟಿದ್ರು, ದಸರಾ ಉದ್ಘಾಟನೆಗೆ ಕರೆದಾಗ ಈ ಕಡೆ ನಮ್ಮ ಧರ್ಮದೋರೇ ಕೆಲವರು ಬೇಡ ಅಂತ ಸುಪ್ರೀಂ ಕೋರ್ಟ್ ತನಕ ಹೋದ್ರು. ಅರ್ಜಿ ಬಿದ್ದೋಯ್ತು, ಅವರು ಚಾಮುಂಡಿ ತಾಯಿಗೆ ಹೂವು ಹಾಕಿ ಬಂದ್ರು, ಟೀವೀಲಿ ನೋಡ್ತಾ ನಾನು ಕೈ ಮುಗ್ದೆ.

ಮೊದಲು ಹೀಗಿರ್ಲಿಲ್ವಾ ಅಂದ್ರೆ, ಬೈಗುಳ ಜಗಳ ಆಗಲೂ ಇತ್ತು, ಆದ್ರೆ ಬೇರೆ ದಾರೀನೂ ಇತ್ತು. 1944ರಲ್ಲಿ ಕುವೆಂಪು ಶೂದ್ರ ತಪಸ್ವಿ ನಾಟಕ ಬರೆದು ಶೂದ್ರ ತಪಸ್ಸು ಮಾಡಿದ ಅಂತ ರಾಮ ಕೊಂದ ಶಂಬೂಕನ ಕತೆಯನ್ನ ತಿರುಗಿಸಿ ಇಟ್ರು, ರಾಮನ ಬಾಣ ದೂರು ಕೊಟ್ಟ ಬ್ರಾಹ್ಮಣನನ್ನೇ ಅಟ್ಟಿಸ್ಕೊಂಡು ಹೋಗೋ ಹಾಗೆ. ನಮ್ಮ ಪಕ್ಕದ ಗವಿಪುರದ ಮಾಸ್ತಿಯವರಿಗೆ ಅದು ಹಿಡಿಸ್ಲಿಲ್ಲ, ಪುರಾಣದ ಕತೆ ಹೀಗೆ ಬದಲಾಯಿಸೋದು ಸರಿಯಲ್ಲ ಅಂತ ಬಿಚ್ಚಿ ಬರೆದ್ರು, ಕುವೆಂಪು ಅದಕ್ಕೆ ಅಷ್ಟೇ ಗಟ್ಟಿಯಾಗಿ ಉತ್ತರ ಬರೆದ್ರು. ಮಾಸ್ತಿ ಆಸ್ತಿಕರು, ಸಂಪ್ರದಾಯಸ್ಥರು, ಅವರಿಗೂ ನೋವಾಗಿತ್ತು, ಆದ್ರೆ ಆ ನೋವನ್ನ ಪೆನ್ನಲ್ಲಿ ಹೇಳಿದ್ರು, ಪೊಲೀಸ್ ಸ್ಟೇಷನ್‌ಗೆ ಹೋಗ್ಲಿಲ್ಲ. ಮುಂದೆ ಇಬ್ರಿಗೂ ಜ್ಞಾನಪೀಠ ಬಂತು, ಕನ್ನಡ ಇಬ್ರನ್ನೂ ಇಟ್ಕೊಂಡಿದೆ.

ನಮ್ಮಪ್ಪ ದಿನಾ ಸಂಧ್ಯಾವಂದನೆ ಮಾಡೋರು. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ಯೂನಿವರ್ಸಿಟಿ ವೈಸ್ ಚಾನ್ಸಲರ್ ಆಗಿದ್ದಾಗ ಪವಾಡಗಳನ್ನ ಪರೀಕ್ಷೆ ಮಾಡೋಕೆ ಕಮಿಟಿ ಮಾಡಿದ್ರಲ್ಲ, ಅಪ್ಪನಿಗೆ ಸಿಟ್ಟು ಬಂದಿತ್ತು, ಆದ್ರೂ ನ್ಯಾಷನಲ್ ಕಾಲೇಜಲ್ಲಿ ಎಚ್ಚೆನ್ ಭಾಷಣ ಇದ್ರೆ ನನ್ನ ಕೈ ಹಿಡ್ಕೊಂಡು ಹೋಗಿ ಕೂರೋರು, ವಾಪಸ್ ಬರ್ತಾ ದಾರಿಯುದ್ದಕ್ಕೂ ಅವರು ಹೇಳಿದ್ದು ಎಲ್ಲಿ ತಪ್ಪು ಅಂತ ನನಗೆ ಹೇಳೋರು. ಮಾರನೇ ದಿನ ಬೆಳಗ್ಗೆ ಮತ್ತೆ ಸಂಧ್ಯಾವಂದನೆ. ನಂಬಿಕೆ ಒಂದು ದಿನವೂ ಕಮ್ಮಿ ಆಗ್ಲಿಲ್ಲ ಅಪ್ಪನಿಗೆ.

ಕಮಿಟಿಯವರನ್ನ ಕೇಳ್ಕೊಳ್ಳೋದು ಇಷ್ಟೇ, ಮಗುಗೆ ಅದೇ ವಚನ ಹೇಳೋಕೆ ಬಿಡಿ. ಯಾರಿಗಾದ್ರೂ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಅದಾದ್ಮೇಲೆ ಅವರೂ ಮೈಕ್ ಹಿಡಿದು ಯಾಕೆ ಅಂತ ಹೇಳ್ಲಿ, ಐದು ನಿಮಿಷ ಜಾಸ್ತಿ ಆದ್ರೂ ಪರ್ವಾಗಿಲ್ಲ, ಊಟ ತಡವಾಗ್ಲಿ. ನಾನು ಅವತ್ತು ಬೆಳಗ್ಗೆ ಸ್ನಾನ ಮಾಡಿ ಕಟ್ಟೆಗೆ ಹಾಲೆರೆದು ಬಂದು ಮೊದಲನೇ ಸಾಲಲ್ಲೇ ಕೂತ್ಕೊತೀನಿ.

ಇಂತಿ,
ನಿಮ್ಮ ಓದುಗಳು
ಬಸವನಗುಡಿ, ಬೆಂಗಳೂರು