ಖರೆ ಹೇಳಿದವರಿಗೆ ನನ್ನ ನಮಸ್ಕಾರ

ನನ್ನ ಬಲಗಾಲಿನ ಮೊಣಕಾಲು ಬದಲಿಸಿ ಒಂದು ವರ್ಷವಾಯಿತು. ಮೊನ್ನೆ ಹುಬ್ಬಳ್ಳಿಗೆ ಹೋಗಿ ಎಕ್ಸ್‌ರೇ ತೆಗೆಸಿದೆವು. ಡಾಕ್ಟರ್ ನೋಡಿ, "ಎಲ್ಲಾ ಚಲೋ ಕೂತೈತ್ರಿ ಅಕ್ಕೋರ, ಇನ್ನ ಮುಂದಿನ ವರ್ಷ ಬಂದ್ರ ಸಾಕು" ಅಂದರು. ಇಷ್ಟು ದಿನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ. ಗದಗ-ಬೆಟಗೇರಿಯಲ್ಲಿ ನನ್ನ ವಯಸ್ಸಿನ ಎಷ್ಟೋ ಹೆಣ್ಣುಮಕ್ಕಳು ಗೋಡೆ ಹಿಡಿದೇ ಏಳುತ್ತಾರೆ, ಗೋಡೆ ಹಿಡಿದೇ ಕೂಡುತ್ತಾರೆ. ಆಪರೇಷನ್ ಅಂದರೆ ಹೆದರುತ್ತಾರೆ. ಅವರೂ ಓದಲಿ ಅಂತ ಎಲ್ಲರೆದುರಿಗೆ ಹೇಳುತ್ತಿದ್ದೇನೆ.

ನಾನು ಎಲ್ಲಕ್ಕಿಂತ ಜಾಸ್ತಿ ಋಣಿಯಾಗಿರುವುದು ಒಂದು ವಿಷಯಕ್ಕೆ. ನನ್ನ ಜೊತೆಗಿದ್ದವರು ಯಾರೂ ಸುಳ್ಳು ಸಮಾಧಾನ ಹೇಳಲಿಲ್ಲ. ಮುಂದೆ ಏನೇನು ಬರುತ್ತದೆ ಅನ್ನುವುದನ್ನು ಮುಂಚೆಯೇ ಹೇಳಿಬಿಟ್ಟರು. ಹಾಗಾಗಿ ನೋವು ಬಂದಾಗ ನೋವಷ್ಟೇ ಇತ್ತು, ಅದರ ಮೇಲೆ ಹೆದರಿಕೆ ಸೇರಲಿಲ್ಲ.

ಮೊದಲು ಡಾಕ್ಟರಿಗೆ ನಮಸ್ಕಾರ. ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಹಾಗೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಎಲುಬಿನ ತುದಿಯ ಮೇಲೆ ಇರುವ ನುಣುಪಾದ ಪದರ ಸವೆದು ಹೋಗಿ, ಎಲುಬಿಗೆ ಎಲುಬು ತಿಕ್ಕುತ್ತಿತ್ತು. ಮೊಣಕಾಲು ಬದಲಿಸುವುದು ಅಂದರೆ ಇಡೀ ಕೀಲನ್ನು ಕಿತ್ತು ಹಾಕುತ್ತಾರೆ ಅಂತ ನಾವೆಲ್ಲ ತಿಳಿದಿರುತ್ತೇವೆ, ಅಲ್ವಾ? ಹಾಗಲ್ಲ. ಸವೆದ ತುದಿಗಳನ್ನು ಕೆಲವು ಮಿಲಿಮೀಟರಿನಷ್ಟು ಮಾತ್ರ ಹೆರೆದು, ಮೇಲಿನ ಎಲುಬಿಗೂ ಕೆಳಗಿನ ಎಲುಬಿಗೂ ಲೋಹದ ಹೊದಿಕೆ ಹಾಕಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಕೂಡಿಸುತ್ತಾರೆ. ನಮ್ಮದೇ ಸ್ನಾಯು, ನಮ್ಮದೇ ಚರ್ಮ ಹಾಗೇ ಇರುತ್ತವೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ ಮಾಡಿದರು.

ನನ್ನ ಸಕ್ಕರೆ ಜಾಸ್ತಿ ಇತ್ತು, ಒಂದು ಹಲ್ಲೂ ಹುಳುಕಾಗಿತ್ತು. ಎರಡೂ ಸರಿಯಾಗುವವರೆಗೆ ಅವರು ತಾರೀಖೇ ಕೊಡಲಿಲ್ಲ. ಬಾಯಿಯ ಸೋಂಕು ರಕ್ತದ ಮೂಲಕ ಹೊಸ ಕೀಲಿಗೆ ಇಳಿಯಬಹುದು, ಸಕ್ಕರೆ ಏರಿದ್ದರೆ ಗಾಯ ಬೇಗ ಮಾಯುವುದಿಲ್ಲ ಅಂತ ಹೇಳಿದರು. ತಡ ಮಾಡಿದ್ದಕ್ಕೆ ಅವರಿಗೆ ಇನ್ನೊಂದು ನಮಸ್ಕಾರ.

ಖರ್ಚಿನ ವಿಷಯದಲ್ಲಿ ಕಣ್ಣು ತೆರೆಸಿದವನು ನನ್ನ ಅಕ್ಕನ ಮಗ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಲೋಹದ ಮೊಣಕಾಲು ಅಲ್ಲಿಯವರೆಗೆ ಒಂದೂವರೆ ಲಕ್ಷದ ಮೇಲಿತ್ತು. ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಆಸ್ಪತ್ರೆಯ ಬಿಲ್ಲಿನಲ್ಲಿ ಅದರ ಬೆಲೆಯನ್ನು ಬೇರೆಯಾಗಿಯೇ ತೋರಿಸಬೇಕು. ಇದನ್ನು ಗೊತ್ತು ಮಾಡಿಕೊಂಡು ಹೋಗಿದ್ದರಿಂದ ನಮಗೆ ಕೇಳುವ ಧೈರ್ಯ ಬಂತು. ನೀವೂ ಕೇಳಿ, ಅದರಲ್ಲಿ ಸಂಕೋಚ ಬೇಡ.

ಇನ್ನು ಫಿಜಿಯೋಥೆರಪಿ ಮಾಡಿಸಿದ ಹುಡುಗಿಯ ಬಗ್ಗೆ. ಇವಳ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಆಪರೇಷನ್ ಆದ ಮರುದಿನ ಬೆಳಿಗ್ಗೆಯೇ ಬಂದು ವಾಕರ್ ಹಿಡಿಸಿ ನಿಲ್ಲಿಸಿದಳು. ಮಂಚದಲ್ಲಿ ಮಲಗಿದ್ದಾಗಲೂ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಾ ಇರಿ ಅಂದಳು. ಹಾಗೆ ಆಡಿಸಿದರೆ ಮೀನಖಂಡದಲ್ಲಿ ರಕ್ತ ಹರಿಯುತ್ತಾ ಇರುತ್ತದೆ, ಹೆಪ್ಪುಗಟ್ಟುವ ಭಯ ಕಡಿಮೆ. ನಮ್ಮ ಸಂಬಂಧಿಕರೊಬ್ಬರು ಪ್ರೀತಿಯಿಂದ ಮೊಣಕಾಲಿನ ಕೆಳಗೆ ದಿಂಬು ಇಟ್ಟಿದ್ದರು. ಹಿತವಾಗಿತ್ತು. ಅವಳು ಬಂದವಳೇ ದಿಂಬನ್ನು ತೆಗೆದು ಹಿಮ್ಮಡಿಯ ಕೆಳಗೆ ಇಟ್ಟಳು. "ಕಾಲ ಬಾಗಿದ್ದ ಹಾಂಗ ಇದ್ರ ಮುಂದ ನೆಟ್ಟಗ ಆಗೂದುಲ್ರಿ ಅಕ್ಕೋರ. ಕುಂಟಕೋತ ಅಡ್ಡಾಡಬೇಕಾಗತೈತಿ" ಅಂದಳು. ಕಾಲು ಬಾಗಿಸುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನೆಟ್ಟಗೆ ಮಾಡುವುದೂ ಅಷ್ಟೇ ಮುಖ್ಯ ಅಂತ ನನಗೆ ತಿಳಿದದ್ದು ಇವಳಿಂದ.

ಮನೆಗೆ ಬಂದ ಮೇಲೆ ಅವಳ ಪರಿಚಯದ ಇನ್ನೊಬ್ಬ ಹುಡುಗ ಬೆಟಗೇರಿಗೇ ಬಂದು ವ್ಯಾಯಾಮ ಮಾಡಿಸಿದ. ಬಾಗಿಸುವಾಗ ನೋವಾಗುತ್ತದೆ. ಕಣ್ಣಲ್ಲಿ ನೀರು ಬರುತ್ತದೆ. ಇದನ್ನು ಮುಚ್ಚಿಡುವುದಿಲ್ಲ. ಅವನೂ ಮುಚ್ಚಿಡಲಿಲ್ಲ. ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ನೋವಿನ ಗುಳಿಗೆ ತಗೊಂಡು ತಯಾರಿರಿ ಅಂತ ಹೇಳುತ್ತಿದ್ದ. ಸಮತಟ್ಟು ನೆಲದಲ್ಲಿ ನಡೆಯಲು ಸುಮಾರು 70 ಡಿಗ್ರಿ ಬಾಗಿದರೆ ನಡೆಯುತ್ತದೆ, ಕುರ್ಚಿಯಿಂದ ಆರಾಮಾಗಿ ಏಳಲು 90 ದಾಟಬೇಕು ಅಂತ ಲೆಕ್ಕ ಹೇಳಿದ. ಆ ಲೆಕ್ಕ ಗೊತ್ತಾದ ಮೇಲೆ ನೋವಿಗೂ ಒಂದು ಅರ್ಥ ಬಂತು. ಮೊದಲ ವಾರಗಳಲ್ಲಿ ಬಿಟ್ಟುಬಿಟ್ಟರೆ ಒಳಗಿನ ಗಾಯ ಗಟ್ಟಿಯಾಗಿ ಕೀಲು ಬಿಗಿಯುತ್ತದೆ, ಆಮೇಲೆ ಎಷ್ಟು ಒದ್ದಾಡಿದರೂ ಕಷ್ಟ. ಮೆಟ್ಟಿಲಿನ ಪಾಠವನ್ನೂ ಅವನೇ ಕಲಿಸಿದ. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ನಮ್ಮ ಓಣಿಯ ಕಾಕೂಗೆ ನಾನು ಏನು ಕೊಟ್ಟರೂ ಋಣ ತೀರುವುದಿಲ್ಲ. ನೇಕಾರರ ಮನೆಯವರು. ಕಂಡಿಕೆ ಸುತ್ತುತ್ತಾ ನೆಲದ ಮೇಲೆ ಕೂತೇ ಜೀವನ ತೆಗೆದವರು. ನನಗಿಂತ ಮುಂಚೆ ಎರಡೂ ಮೊಣಕಾಲು ಮಾಡಿಸಿಕೊಂಡಿದ್ದರು. ಡಾಕ್ಟರಿಗೆ ಹೇಳಲು ಪುರಸೊತ್ತು ಇಲ್ಲದ ಸಣ್ಣ ಸಣ್ಣ ಸಂಗತಿಗಳನ್ನೆಲ್ಲ ಇವರು ಹೇಳಿದರು. ಗಾಯದ ಹೊರಗಡೆ ಚರ್ಮ ಮರಗಟ್ಟಿರುತ್ತದೆ, ಅಲ್ಲಿನ ಸಣ್ಣ ನರ ಕತ್ತರಿಸಿರುತ್ತಾರೆ, ಗಾಬರಿಯಾಗಬೇಡ ಅಂದರು. ನಡೆಯುವಾಗ ಒಳಗೆ ಟಕ್ ಟಕ್ ಅನ್ನುತ್ತದೆ, ಅದು ಲೋಹ ಮತ್ತು ಪ್ಲಾಸ್ಟಿಕ್ ತಾಗುವ ಶಬ್ದ ಅಂದರು. ಮೊಣಕಾಲು ತಿಂಗಳುಗಟ್ಟಲೆ ಬೆಚ್ಚಗಿರುತ್ತದೆ, ಸಂಜೆಗೆ ಬಾವು ಜಾಸ್ತಿಯಾಗುತ್ತದೆ ಅಂದರು. ನೋವಿನ ಗುಳಿಗೆಗೆ ಹೊಟ್ಟೆ ಕಟ್ಟುತ್ತದೆ, ನೀರು ಜಾಸ್ತಿ ಕುಡಿ, ಸೊಪ್ಪಿನ ಪಲ್ಯ ತಿನ್ನು ಅಂದರು. ಮತ್ತೆ ಒಂದು ಮಾತು. "ಹಗಲೆಲ್ಲ ಹೆಂಗರ ಹೋಗತೈತಿ ತಂಗಿ, ರಾತ್ರಿ ನಿದ್ದಿ ಹತ್ತೂದುಲ್ಲ. ಯಾಕರ ಮಾಡಿಸಿಕೊಂಡ್ನೆವ್ವಾ ಅನಸತೈತಿ. ಆ ಹೊತ್ತು ಕಳೀತೈತಿ." ಅವರು ಹೇಳಿದ ಹಾಗೇ ಆಯಿತು. ರಾತ್ರಿ ಅತ್ತುಬಿಟ್ಟೆ. ಅವರ ಮಾತು ನೆನಪಾಗಿ, ಇದು ಎಲ್ಲರಿಗೂ ಆಗುವಂಥದ್ದು, ಹೋಗುತ್ತದೆ ಅಂತ ಧೈರ್ಯ ತಂದುಕೊಂಡೆ. ಹೋಯಿತು ಕೂಡ. ಅವರ ವಾಕರ್, ಕಮೋಡ್ ಕುರ್ಚಿ ಎರಡನ್ನೂ ನಾನು ಕೇಳುವ ಮೊದಲೇ ಕಳಿಸಿಕೊಟ್ಟಿದ್ದರು.

ಸೊಸೆ ನಾನು ಆಸ್ಪತ್ರೆಯಲ್ಲಿದ್ದಾಗಲೇ ಮನೆಯ ಚಾಪೆ, ಜಮಖಾನೆ ಎಲ್ಲ ಎತ್ತಿಟ್ಟಿದ್ದಳು, ಕಾಲಿಗೆ ತೊಡರಬಾರದು ಅಂತ. ಮಂಚದ ಕೆಳಗೆ ಹಲಗೆ ಇಟ್ಟು ಎತ್ತರ ಮಾಡಿಸಿದ್ದಳು. ಹೊಲಿಗೆಯ ಪಿನ್ನು ತೆಗೆಯುವವರೆಗೆ ಗಾಯಕ್ಕೆ ನೀರು ತಾಗದ ಹಾಗೆ ಮೈ ಒರೆಸಿದಳು. ನಮ್ಮ ಯಜಮಾನರು ಐಸ್ ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಹಿಡಿದುಕೊಂಡು ಕೂಡುತ್ತಿದ್ದರು. ರಕ್ತ ತೆಳುವಾಗಿಸುವ ಗುಳಿಗೆಯನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ಒಂದು ಸಂಜೆ ಮೀನಖಂಡ ಬಿಗಿದು ಊದಿಕೊಂಡಿತು. ನಾಳೆ ನೋಡೋಣ ಅಂದೆ ನಾನು. ಅವರು ಕೇಳಲಿಲ್ಲ. ಪಕ್ಕದ ಮನೆಯ ಆಟೋದವನು ಊಟ ಅರ್ಧಕ್ಕೆ ಬಿಟ್ಟು ಬಂದ. ಸ್ಕ್ಯಾನ್ ಮಾಡಿದರು, ಹೆಪ್ಪು ಇರಲಿಲ್ಲ. ಇಲ್ಲದಿದ್ದರೂ ಹೋಗಿದ್ದು ಸರಿ. ಮೀನಖಂಡ ಊದಿ ನೋವಾದರೆ, ಉಸಿರು ಹಿಡಿದರೆ, ಜ್ವರ ಬಂದರೆ, ಗಾಯದಿಂದ ನೀರು ಇಲ್ಲವೇ ಕೀವು ಬಂದರೆ ಬೆಳಗಿನವರೆಗೆ ಕಾಯಬೇಡಿ. ಆ ಆಟೋದ ತಮ್ಮನಿಗೆ ನನ್ನ ಆಶೀರ್ವಾದ.

ನೋಡಲು ಬಂದವರೆಲ್ಲರಿಗೂ ಧನ್ಯವಾದ. ನಿಮ್ಮ ಮಾತಿನಿಂದ ಹೊತ್ತು ಹೋಯಿತು. ಒಂದೇ ಕೋರಿಕೆ, ಮುಂದೆ ಇಂಥವರನ್ನು ನೋಡಲು ಹೋದಾಗ "ಸುಮ್ನೆ ಮಲಕೋ, ಕಾಲು ಅಲುಗಿಸಬೇಡ" ಅನ್ನಬೇಡಿ. ಗಾಯಕ್ಕೆ ಎಣ್ಣೆ, ಅರಿಶಿನ ಹಚ್ಚಲು ಹೇಳಬೇಡಿ. ಅವರ ಜೊತೆ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯಿರಿ.

ಈಗ ಹೇಗಿದ್ದೇನೆ ಅಂತ ಕೇಳುವವರಿಗೆ ಹೇಳುತ್ತೇನೆ. ಭೀಷ್ಮ ಕೆರೆಯ ಹತ್ತಿರ ಬೆಳಿಗ್ಗೆ ನಡೆಯುತ್ತೇನೆ. ತ್ರಿಕೂಟೇಶ್ವರ ಗುಡಿಗೆ ಯಾರ ಕೈಯೂ ಹಿಡಿಯದೆ ಹೋಗಿ ಬಂದೆ. ಹಳೆಯ ನೋವು, ರಾತ್ರಿ ಹೊರಳಿದರೂ ಚುಚ್ಚುತ್ತಿದ್ದ ಆ ನೋವು ಇಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವುದನ್ನು ಬಿಟ್ಟಿದ್ದೇನೆ, ಕುಕ್ಕರಗಾಲಿನಲ್ಲಿ ಕೂಡುವುದನ್ನೂ ಬಿಟ್ಟಿದ್ದೇನೆ. ಪೂಜೆಗೆ ಸ್ಟೂಲ್ ಇದೆ. ರೊಟ್ಟಿಯನ್ನು ನಿಂತು ಬಡಿಯುತ್ತೇನೆ. ಬಹಳ ಹೊತ್ತು ಕೂತು ಎದ್ದರೆ ಮೊದಲ ನಾಲ್ಕು ಹೆಜ್ಜೆ ಬಿಗಿಯಾಗಿರುತ್ತದೆ. ಹತ್ತರಲ್ಲಿ ಎಂಟು ಜನರಿಗೆ ಈ ಕೀಲು 25 ವರ್ಷ ಬಾಳುತ್ತದೆ ಅಂತ 2019ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ಹೇಳಿದೆಯಂತೆ, ಡಾಕ್ಟರ್ ತಿಳಿಸಿದರು. ನನಗೆ ಅಷ್ಟು ಸಾಕು.

ಕಾಕೂನ ವಾಕರ್ ನನ್ನಿಂದ ರೋಣದ ಒಬ್ಬ ತಾಯಿಗೆ ಹೋಗಿದೆ. ಕಮೋಡ್ ಕುರ್ಚಿ ಮಾತ್ರ ನಮ್ಮ ಮನೆಯಲ್ಲೇ ಇದೆ, ತೊಳೆದು ಇಟ್ಟಿದ್ದೇನೆ. ಬೇಕಾದವರು ಬಂದು ಒಯ್ಯಿರಿ. ಬಂದಾಗ ಸ್ವಲ್ಪ ಹೊತ್ತು ಕೂತು ಹೋಗಿ, ಕೇಳಬೇಕಾದ್ದನ್ನೆಲ್ಲ ಕೇಳಿ. ನನಗೆ ಗೊತ್ತಿದ್ದಷ್ಟು ಖರೆ ಹೇಳುತ್ತೇನೆ.