ನೀರಿನ ವಾಲ್ವ್ ಮುಚ್ಚುವ ಬದಲು ಕರಾರು ಬರೆಯಿರಿ

ಮಾನ್ಯ ಸಂಪಾದಕರೇ,

ಅವಧಿ ಮುಗಿದರೂ ಮನೆ ಖಾಲಿ ಮಾಡದವರ ನೀರು, ವಿದ್ಯುತ್ತನ್ನು ಕಡಿತಗೊಳಿಸುವ ಅಧಿಕಾರ ಮಾಲೀಕರಿಗೆ ಇರಬೇಕೆಂದು ಕಳೆದ ವಾರ ಈ ಅಂಕಣದಲ್ಲಿ ಠಾಣೆ ನಗರದ ಓದುಗರೊಬ್ಬರು ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಎರಡು ವರ್ಷ ನಾಲ್ಕು ತಿಂಗಳು ನಾನೂ ಅದೇ ಸಿಟ್ಟಿನಲ್ಲಿ ಕುದಿದವನು. ಆದರೂ ಅವರ ಸಲಹೆಯನ್ನು ಒಪ್ಪಲಾರೆ, ಏಕೆಂದರೆ ಒಂದು ಬೆಳಿಗ್ಗೆ ಅದನ್ನು ಮಾಡಿಯೂ ನೋಡಿದ್ದೇನೆ.

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಾವಿರುವ ಕಟ್ಟಡದ ಮೇಲಿನ ಮಹಡಿಯಲ್ಲಿ ನಮ್ಮದೇ ಇನ್ನೊಂದು ಒನ್ ರೂಮ್ ಕಿಚನ್ ಇದೆ. ಊರಿನ ಪರಿಚಯದ ಕುಟುಂಬವೊಂದಕ್ಕೆ, ಬೇರೆ ಮನೆ ಸಿಗುವ ತನಕ, ಹೆಚ್ಚೆಂದರೆ ಎರಡು ತಿಂಗಳು ಎಂಬ ಮಾತಿನ ಮೇಲೆ ಅದರ ಬೀಗದಕೈ ಕೊಟ್ಟೆ. ಊರಿನವರ ಬಳಿ ಕಾಗದಪತ್ರ ಕೇಳಿದರೆ ಅವಮಾನ ಮಾಡಿದಂತಾಗುತ್ತದೆ ಎಂದು ಮನೆಯಲ್ಲಿ ಅಂದರು, ನನಗೂ ಹಾಗೆಯೇ ಅನ್ನಿಸಿತ್ತು. ಆರು ತಿಂಗಳು ಬಾಡಿಗೆ ಸರಿಯಾಗಿ ಬಂತು. ಆಮೇಲೆ ಮನೆಯ ವಿಷಯ ತೆಗೆದಾಗಲೆಲ್ಲ ಮಕ್ಕಳ ಪರೀಕ್ಷೆ, ಅದು ಮುಗಿದರೆ ಮಳೆಗಾಲ, ಅದು ಕಳೆದರೆ ಚೌತಿ, ನಂತರ ಊರಿನಲ್ಲೊಂದು ಮದುವೆ. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎಂದು ನನ್ನ ತಾಯಿ ಫೋನಿನಲ್ಲಿ ನಕ್ಕರು.

ನಮ್ಮ ಕಟ್ಟಡಕ್ಕೆ ನೀರು ಬರುವುದು ಬೆಳಿಗ್ಗೆ ಒಂದೂವರೆ ಗಂಟೆ ಮಾತ್ರ. ಒಂದು ದಿನ ಟೆರೇಸಿಗೆ ಹತ್ತಿ ಆ ಖೋಲಿಯ ವಾಲ್ವ್ ಮುಚ್ಚಿ ಬಂದೆ. ಅರ್ಧ ಗಂಟೆಯೊಳಗೆ ಆ ಮನೆಯಾಕೆ ಎರಡು ಬಕೆಟ್ ಹಿಡಿದು ನಮ್ಮ ಬಾಗಿಲಿಗೇ ಬಂದು, "ಅಕ್ಕ, ಮೇಲೆ ನೀರು ಬರ್ತಾ ಇಲ್ಲ, ಇಲ್ಲಿ ಹಿಡ್ಕೊಳ್ಲಾ?" ಎಂದು ನನ್ನ ಹೆಂಡತಿಯನ್ನು ಕೇಳಿದರು. ಹೆಂಡತಿ ನನ್ನ ಮುಖ ನೋಡಿದಳು. ತುಂಬಿದ ಬಕೆಟ್‌ಗಳಲ್ಲಿ ಒಂದನ್ನು ನಾನೇ ಹೊತ್ತು ಮೇಲಕ್ಕೆ ಮುಟ್ಟಿಸಿ, ಹಾಗೆಯೇ ಟೆರೇಸಿಗೆ ಹೋಗಿ ವಾಲ್ವ್ ತೆರೆದೆ.

ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 29ನೇ ಕಲಮಿನಂತೆ, ಸಾಕಷ್ಟು ಕಾರಣವಿಲ್ಲದೆ ಬಾಡಿಗೆದಾರನ ನೀರು, ವಿದ್ಯುತ್ತಿನಂಥ ಅಗತ್ಯ ಸೌಕರ್ಯ ತಡೆಯುವುದು ಅಪರಾಧವೆಂದು ನನಗೆ ತಿಳಿದದ್ದು ವಕೀಲರ ಬಳಿ ಹೋದ ಮೇಲೆ. ಅಲ್ಲಿ ತಿಳಿದ ಇನ್ನೊಂದು ಸಂಗತಿ ಹೆಚ್ಚು ಚುಚ್ಚಿತು. ಹನ್ನೊಂದು ತಿಂಗಳಿಗೆ ಮನೆ ಕೊಟ್ಟರೆ ನೋಂದಣಿ ಬೇಡ ಎಂದು ನಮ್ಮಲ್ಲಿ ಈಗಲೂ ಅನೇಕರು ನಂಬಿದ್ದಾರೆ. ಆದರೆ 2000ದ ಮಾರ್ಚ್ 31ರಿಂದ ಜಾರಿಯಲ್ಲಿರುವ ಈ ಕಾಯ್ದೆಯ 55ನೇ ಕಲಮಿನ ಪ್ರಕಾರ ಅವಧಿ ಎಷ್ಟೇ ಇರಲಿ, ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು, ಮತ್ತು ನೋಂದಾಯಿಸುವ ಹೊಣೆ ಮಾಲೀಕನದು. ಮಾಡದಿದ್ದರೆ ಅವನಿಗೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅಷ್ಟೇ ಅಲ್ಲ, ಕರಾರು ಇಲ್ಲದಿದ್ದಲ್ಲಿ ಯಾವ ಷರತ್ತಿನ ಮೇಲೆ ಮನೆ ಕೊಡಲಾಗಿತ್ತು ಎಂಬ ಬಗ್ಗೆ, ಬೇರೆ ರೀತಿ ಸಾಬೀತಾಗುವ ತನಕ, ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ. ನನ್ನ "ಎರಡು ತಿಂಗಳು" ಗಾಳಿಗೆ ಹೋದದ್ದು ಹೀಗೆ.

ಲೀವ್ ಆಂಡ್ ಲೈಸೆನ್ಸ್ ಕರಾರು, ಅಂದರೆ ಬಾಡಿಗೆದಾರನ ಹಕ್ಕು ಕೊಡದೆ, ಶುಲ್ಕ ಪಡೆದು ಇಂತಿಷ್ಟು ಅವಧಿಗೆ ವಾಸಕ್ಕೆ ಅನುಮತಿ ಕೊಡುವ ಒಪ್ಪಂದ, ಕೈಯಲ್ಲಿದ್ದಿದ್ದರೆ 24ನೇ ಕಲಮಿನಡಿ ಮನೆ ಖಾಲಿ ಮಾಡಿಸಲು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಇಂಥ ಅರ್ಜಿಗಳನ್ನು ತೀರ್ಮಾನಿಸುವ ಸರ್ಕಾರಿ ಅಧಿಕಾರಿಗೆ, ಅರ್ಜಿ ಕೊಡಬಹುದಿತ್ತು. ಅವಧಿ ಮೀರಿ ಕೂತ ದಿನಗಳಿಗೆ ಎರಡು ಪಟ್ಟು ಶುಲ್ಕವನ್ನೂ ಕೇಳಬಹುದಿತ್ತು. ಇದರ ಖರ್ಚು ಎಷ್ಟೆಂದರೆ, ತಿಂಗಳಿಗೆ 12,000 ರೂಪಾಯಿ ಬಾಡಿಗೆ, 50,000 ರೂಪಾಯಿ ಡಿಪಾಸಿಟ್ ಇರುವ ಹನ್ನೊಂದು ತಿಂಗಳ ಕರಾರಿಗೆ ಶೇ. 0.25ರ ಲೆಕ್ಕದಲ್ಲಿ ಮುದ್ರಾಂಕ ಶುಲ್ಕ ನಾನೂರು ರೂಪಾಯಿಯನ್ನು ಮೀರುವುದಿಲ್ಲ. ನಗರದಲ್ಲಿ ನೋಂದಣಿ ಶುಲ್ಕ 1,000 ರೂಪಾಯಿ. ಏಜೆಂಟರ ಕೈಬಿಸಿ ಬೇರೆ, ಅದು ಇದ್ದದ್ದೇ.

ಮಾಲೀಕರ ಭಯಕ್ಕೆ ಹಳೆಯ ಕಾರಣವೂ ಇದೆ. 1947ರ ಮುಂಬಯಿ ಬಾಡಿಗೆ ಕಾಯ್ದೆಗೆ ತಂದ ತಿದ್ದುಪಡಿಯಿಂದಾಗಿ, 1973ರ ಫೆಬ್ರವರಿ 1ರಂದು ಲೈಸೆನ್ಸಿನ ಮೇಲೆ ಮನೆಯಲ್ಲಿ ಇದ್ದವರೆಲ್ಲ ಕಾನೂನಿನ ರಕ್ಷಣೆಯುಳ್ಳ ಬಾಡಿಗೆದಾರರಾಗಿಬಿಟ್ಟರು. ಅಂದಿನಿಂದ ಮನೆ ಬಾಡಿಗೆಗೆ ಕೊಡುವುದಕ್ಕಿಂತ ಬೀಗ ಹಾಕಿಡುವುದೇ ಮೇಲು ಎಂಬ ಮಾತು ಈ ಶಹರದಲ್ಲಿ ಬೇರೂರಿದೆ. ಹೊಸದಾಗಿ ಬರುವ ನಮ್ಮ ಹುಡುಗರಿಗೆ ಖೋಲಿ ಸಿಗದಿರುವುದಕ್ಕೆ ಈ ಅಂಜಿಕೆಯ ಪಾಲೂ ಇದೆ.

ಆದ್ದರಿಂದ ಠಾಣೆಯ ಓದುಗರಲ್ಲಿ ನನ್ನ ವಿನಂತಿ, ಅಧಿಕಾರ ಕೇಳುವ ಮೊದಲು ಕೈಯಲ್ಲಿರುವ ಕಾಯ್ದೆಯನ್ನು ಬಳಸೋಣ. ಯಕ್ಷಗಾನಕ್ಕೂ ಸತ್ಯನಾರಾಯಣ ಪೂಜೆಗೂ ಸಭಾಗೃಹ ತೆರೆಯುವ ನಮ್ಮ ಕನ್ನಡ ಸಂಘಗಳು ತಿಂಗಳಿಗೊಂದು ಭಾನುವಾರ ಒಬ್ಬ ವಕೀಲರನ್ನು ಕೂರಿಸಿ ಕರಾರು ಮಾಡಿಸಿಕೊಟ್ಟರೆ, ಕೇಳಲು ಸಂಕೋಚಪಡುವವರಿಗೂ ಸಲೀಸಾಗುತ್ತದೆ.

ನಮ್ಮ ಮನೆಯಲ್ಲಿದ್ದವರು ಕೊನೆಗೆ ಬದಲಾಪುರದಲ್ಲಿ ಮನೆ ನೋಡಿಕೊಂಡು ಹೋದರು. ಬೀಗದಕೈ ಹಿಂದಿರುಗಿಸಲು ಬಂದ ಗೃಹಸ್ಥರು ಹೊಸ ಮನೆಯ ವಿಷಯ ಹೇಳುತ್ತ, ಅಲ್ಲಿಯ ಮಾಲೀಕರು ಮೊದಲ ದಿನವೇ ಕರಾರು ಕೇಳಿದರೆಂದೂ, ಆಧಾರ್ ಕಾರ್ಡ್ ಕೊಟ್ಟು, ಯಂತ್ರದ ಮೇಲೆ ಬೆರಳೊತ್ತಿ ಹತ್ತು ನಿಮಿಷದಲ್ಲಿ ಮುಗಿಸಿದೆವೆಂದೂ ತಿಳಿಸಿದರು. ಅವಮಾನವಾಯಿತೆಂದು ಅವರು ಹೇಳಲಿಲ್ಲ.

ಇತಿ,
ಓರ್ವ ಓದುಗ, ಡೊಂಬಿವಲಿ ಪೂರ್ವ